ನಡಾವಳಿಗೆ ಸೇರದ್ದು

ಇಪ್ಪತ್ತಾರು ವರ್ಷದಿಂದ ನಾನು
ಈ ಊರು ಆಡಿದ್ದನ್ನು ಬರೆದಿಡುವವಳು.
ಮಂಗಳವಾರ ಸಂಜೆ ಏಳಕ್ಕೆ, ಸಿಟಿ ಹಾಲಿನ ಎರಡನೇ ಮಹಡಿ,
ಹೀಟರ್ ಕೆಮ್ಮುತ್ತದೆ, ನಾನು ಬರೆಯುತ್ತೇನೆ:
ಸದರಿ ವಿಷಯವನ್ನು ಮಂಡಿಸಲಾಯಿತು,
ಚರ್ಚಿಸಲಾಯಿತು, ಮುಂದೂಡಲಾಯಿತು.
ಯಾರು ಮೇಜು ಗುದ್ದಿದರು, ಯಾರು ಕಣ್ಣೊರೆಸಿಕೊಂಡರು,
ಅದಕ್ಕೆ ಕಲಂ ಇಲ್ಲ.

ಆವತ್ತಿನ ವಿಷಯ ಲಿಂಡೆಮನ್ ಅಂಗಡಿ.
ಮೇನ್ ಸ್ಟ್ರೀಟಿನ ಮೂಲೆಯಲ್ಲಿ ನಾಲ್ಕು ಮಹಡಿ,
ಹೊಳೆಯಂಚಿನ ಕಾಗದದ ಮಿಲ್ಲು ನಿಂತ ಮರುವರ್ಷ ಬೀಗ ಬಿತ್ತು.
ಕಿಟಕಿಗಳಿಗೆ ಪ್ಲೈವುಡ್ಡು, ಪ್ಲೈವುಡ್ಡಿನ ಮೇಲೆ ಬಣ್ಣದ ಕಿಟಕಿ,
ಹಿಂದಿನ ಮೇಯರ್ ಬರೆಸಿದ್ದು:
ಕುಂಡದಲ್ಲಿ ಕೆಂಪು ಹೂ, ಪರದೆ, ಒಂದು ಬೆಕ್ಕು ಕೂಡ.
ಹನ್ನೊಂದು ವರ್ಷ, ಆ ಬೆಕ್ಕು ಒಮ್ಮೆಯೂ ಕೆಳಗಿಳಿದಿಲ್ಲ.

ಡೆಲ್ಫೀನ್ ಟ್ಯಾಗರ್ಟ್ ಎದ್ದು ನಿಂತಳು.
ಪೇಟೆ ಗೆಳೆಯರ ಸಂಘದವಳು. ಸಂಘವೆಂದರೆ
ಒಂಬತ್ತು ಜನ, ಒಂದು ಬ್ಯಾಂಕ್ ಪುಸ್ತಕ,
ಚರ್ಚಿನ ನೆಲಮಾಳಿಗೆಯಿಂದ ಎರವಲು ತಂದ ಕುರ್ಚಿಗಳು.
ಅವಳ ಚೀಲದಲ್ಲಿ ಕಡತವಿರಲಿಲ್ಲ, ಇಟ್ಟಿಗೆಯಿತ್ತು.
ಮೇಯರ್ ಹೋವರ್‌ಮೇಲ್ ಮುಂದೆ ಇಟ್ಟಳು.
"ನಿನ್ನೆ ಬಿತ್ತು. ಬಸ್ಸಿಗೆ ಕಾಯುವವರ ಪಕ್ಕದಲ್ಲೇ.
ತೆರಿಗೆ ಬಾಕಿಗೆಂದು ಕಟ್ಟಡ ಕಿತ್ತುಕೊಂಡವರು ನೀವು.
ನಮಗೆ ಕೊಡಿ,
ಇಲ್ಲವಾದರೆ ಇದನ್ನಾದರೂ ಇಟ್ಟುಕೊಳ್ಳಿ."

ನಾನು ಬರೆದೆ:
ಒಂದು ವಸ್ತುವನ್ನು ಹಾಜರುಪಡಿಸಲಾಯಿತು.

ಆಮೇಲೆ ಎಂಟು ತಿಂಗಳು.
ಮದುವೆ ಮಾತುಕತೆಯೂ ಇಷ್ಟು ಎಳೆಯುವುದಿಲ್ಲ.
ವರ್ಷಕ್ಕೆ ಒಂದು ಡಾಲರ್ ಬಾಡಿಗೆ, ಅದು ಸುಲಭಕ್ಕೆ ಮುಗಿಯಿತು.
ಚಾವಣಿ ಯಾರದು? ನಗರದ್ದು.
ಚಾವಣಿಯಿಂದ ಸೋರುವ ನೀರು? ಬಕೆಟ್ಟಿಗೆ ಬಿದ್ದ ಮೇಲೆ ಸಂಘದ್ದು.
ಬಾಗಿಲ ಮುಂದಿನ ಹಿಮ ಯಾರ ಸಲಿಕೆಗೆ?
ಎಂಜಿನಿಯರ್ ಕಿಮ್ಮೆಲ್ ಸ್ಕೇಲು ಹಿಡಿದು
ನಕ್ಷೆಯ ಫುಟ್‌ಪಾತಿನ ಮೇಲೆ ಗೆರೆ ಎಳೆದ.
ಆ ಚಳಿಗಾಲ ಹಿಮ ಗೆರೆಯ ಎರಡೂ ಕಡೆ ಮೊಣಕಾಲುದ್ದ ಬಿತ್ತು.

ಹದಿನಾಲ್ಕನೇ ಷರತ್ತಿಗೆ ಬಂದು ಮಾತು ಮುರಿಯಿತು.
ಹಿಂಬಾಗಿಲು, ಓಣಿಗೆ ತೆರೆಯುವುದು.
ನಗರದವರು: ಇಟ್ಟಿಗೆ ಕಟ್ಟಿ ಮುಚ್ಚಿ,
ರಾತ್ರಿ ಅಲ್ಲಿ ಟೋಬಿಯಾಸ್ ಮಲಗುತ್ತಾನೆ, ಜೊತೆಗೆ ಇನ್ನಿಬ್ಬರು,
ವಿಮೆಯವರು ಒಪ್ಪುವುದಿಲ್ಲ.
ಸಂಘದವರು: ಮೇಲೊಂದು ಮಾಡು ಇಳಿಸೋಣ, ದೀಪ ಹಾಕೋಣ.
ಒಂದು ಗಂಟೆ ನಲವತ್ತು ನಿಮಿಷ.

ನಾನು ಪೆನ್ನು ಕೆಳಗಿಟ್ಟೆ.
ನಡಾವಳಿ ಬರೆಯುವವಳಿಗೆ ಬಾಯಿ ಇರಬಾರದು, ಗೊತ್ತು.
"ಆ ಬಾಗಿಲಿನಿಂದ ನನ್ನಮ್ಮ ಹತ್ತೊಂಬತ್ತು ವರ್ಷ ಒಳಹೋದಳು.
ನಾಲ್ಕನೇ ಮಹಡಿಯಲ್ಲಿ ಕೂತು
ಊರ ಗಂಡಸರ ಪ್ಯಾಂಟುಗಳ ಅಂಚು ಹೊಲಿದಳು.
ನಮ್ಮ ಮೈಬಣ್ಣಕ್ಕೆ ಓಣಿ ಸಾಕಿತ್ತು ಆಗ.
ಹೋವರ್‌ಮೇಲ್, ನಿಮ್ಮಪ್ಪನ ಮದುವೆ ಸೂಟೂ ಅವಳ ಕೈಯದೇ.
ಮುಚ್ಚುವುದಿದ್ದರೆ ಮುಚ್ಚಿ. ಅದನ್ನು ಬರೆಯಲು
ಬೇರೆ ಯಾರನ್ನಾದರೂ ಕರೆಸಿಕೊಳ್ಳಿ."

ಹೀಟರ್ ಕೆಮ್ಮಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಕಿಮ್ಮೆಲ್ ಸ್ಕೇಲಿನಿಂದ ಬೆನ್ನು ಕೆರೆದುಕೊಂಡ.
ಎಂಟು ತಿಂಗಳಿಂದ ಮೇಯರ್ ಕಾಗದಗಳು ಹಾರದಂತೆ
ಕೂತಿದ್ದ ಇಟ್ಟಿಗೆಯನ್ನು ಅವರು ಒಮ್ಮೆ ಮಗುಚಿಟ್ಟರು.
"ವಿಮೆಯವರ ಹತ್ತಿರ ಮಾತಾಡುತ್ತೇನೆ" ಎಂದರು. ಅಷ್ಟೇ.

ನಾನು ಬರೆದೆ:
ಹದಿನಾಲ್ಕನೇ ಷರತ್ತನ್ನು ಕೈಬಿಡಲಾಯಿತು.

ಈಗ ಕೆಳಗೆ ಒಂದು ಕ್ಷೌರದಂಗಡಿ, ಸೈಕಲ್ ರಿಪೇರಿ,
ಗುರುವಾರ ಮಾತ್ರ ಸೂಪು.
ಎರಡನೇ ಮಹಡಿಗೆ ದುಡ್ಡು ತೀರಿತು.
ಮೂರನೆಯದರಲ್ಲಿ ಪಾರಿವಾಳಗಳು,
ಅವು ಯಾವ ಪಕ್ಷದ ಜವಾಬ್ದಾರಿಯೆಂದು ಪತ್ರಗಳು ಓಡಾಡುತ್ತಿವೆ.
ನಾಲ್ಕನೆಯದಕ್ಕೆ ನಾನಿನ್ನೂ ಹತ್ತಿಲ್ಲ. ಮಂಡಿನೋವು ಅನ್ನುತ್ತೇನೆ.

ಪ್ಲೈವುಡ್ ಬಿಚ್ಚಿದ ದಿನ ಎಲ್ಲವನ್ನೂ ಲಾರಿಗೆ ತುಂಬಿದರು,
ಬೆಕ್ಕಿದ್ದ ಹಲಗೆಯೊಂದನ್ನು ಬಿಟ್ಟು.
ಅದು ಓಣಿಯಲ್ಲಿದೆ, ಹಿಂಬಾಗಿಲ ದೀಪದ ಕೆಳಗೆ.
ಹೊಳೆಯ ಕಡೆಯಿಂದ ಗಾಳಿ ತಿರುಗಿದಾಗ
ಟೋಬಿಯಾಸ್ ಅದನ್ನೇ ಅಡ್ಡ ನಿಲ್ಲಿಸಿಕೊಂಡು ಮಲಗುತ್ತಾನೆ,
ಬೆಕ್ಕಿನ ಮುಖ ಒಳಗಡೆಗೆ.